ಭಾನುವಾರದ ಬುತ್ತಿ

ರಜೆ ಬಂತೆಂದರೆ ಮಕ್ಕಳದು ಒಂದೇ ಹಟ: ಸಮುದ್ರ ನೋಡಬೇಕು. ಗೋಕರ್ಣ, ಕಾರವಾರ, ಮಲ್ಪೆ, ಹೋಗಿಬನ್ನಿ, ಯಾರು ಬೇಡ ಅಂದರು? ಆದರೆ ರೋಣ, ನರಗುಂದ, ಗಜೇಂದ್ರಗಡದ ಎರೆಸೀಮೆಯವರಿಗೆ ಉಳಿದ ಭಾನುವಾರಗಳೂ ಇವೆಯಲ್ಲ!

ರೋಣ ಸೀಮೆಯ ಸೂಡಿಗೇ ಹೋಗೋಣ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು. ರಾಜಕುಮಾರಿ ಅಕ್ಕಾದೇವಿ ಈ ಸೀಮೆಯನ್ನು ಆಳಿದವಳು. ಯುದ್ಧಕ್ಕೂ ಹಿಂಜರಿಯದ ಹೆಣ್ಣುಮಗಳು. ಈ ಕಥೆಯನ್ನು ಮಗಳಿಗೆ ಅಲ್ಲೇ ನಿಂತು ಹೇಳಬೇಕು. ಜೋಡುಕಳಸದ ಗುಡಿಯಲ್ಲಿ ಎರಡು ಶಿಖರಗಳು ಎದುರುಬದುರು. ನಾಗಕುಂಡದ ಮೆಟ್ಟಿಲಿಳಿದರೆ ಗೋಡೆಯ ಮೇಲೆ ಪುಟ್ಟಪುಟ್ಟ ಗುಡಿಗಳಂಥ ಕೆತ್ತನೆ. 'ಎಷ್ಟಿವೆ, ಎಣಿಸು ನೋಡೋಣ' ಅಂದುಬಿಡಿ, ಮೊಬೈಲು ತಾನಾಗಿ ಜೇಬಿಗೆ ಹೋಗುತ್ತದೆ. ಮಕ್ಕಳ ಕೈ ಮಾತ್ರ ಬಿಡಬೇಡಿ.

ಗಜೇಂದ್ರಗಡದ ಕಾಲಕಾಲೇಶ್ವರನ ಬೆಟ್ಟದಲ್ಲಿ ಮರದ ಬೇರಿನ ಸಂದಿಯಿಂದ ಅಂತರಗಂಗೆ ಜಿನುಗುತ್ತದೆ. ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದೇ ಬರುತ್ತದೆ. ದೇವರ ಮಹಿಮೆ ಎನ್ನಿ. ಮಳೆನೀರು ಬಂಡೆಯ ಬಿರುಕಿನಲ್ಲಿ ಇಂಗಿ ಹೀಗೆ ಹೊರಬರುವ ಬಗೆಯನ್ನೂ ಹೇಳಿ.

ನರಗುಂದದ ಗುಡ್ಡ ಹತ್ತಿಸಿದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತ ಬಾಬಾಸಾಹೇಬನ ಕಥೆ ಪಾಠಪುಸ್ತಕದಿಂದ ಇಳಿದು ಎದುರಿಗೇ ಬರುತ್ತದೆ. ಬಿಸಿಲೇರುವ ಮುಂಚೆ ಹತ್ತಿ ಇಳಿಯಬೇಕು, ನೀರು ಧಾರಾಳ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡರೆ ಬುತ್ತಿ ಆಯಿತು. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಗುಡ್ಡ ಹತ್ತದಿದ್ದರೂ, ಬುತ್ತಿ ಬಿಚ್ಚುವ ಹೊತ್ತಿಗೆ ಕಥೆ ಹೇಳುವವಳು ಅವಳೇ.