ಬೈಗುಳಕ್ಕೆ ಹೆದರಿ ಸ್ಟೇರಿಂಗ್ ಬಿಡಬೇಡಿ

(ಹರಿಹರ ತಾಲ್ಲೂಕು ನಂದಿಗುಡಿಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು, ಬೇರೆಯವರ ಭಾಷಣ ಅಚ್ಚು ಹಾಕಿ ರೂಢಿ. ಆದರೂ ಇವತ್ತಿನ ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ಯಾಕೆಂದರೆ ನನ್ನ ಗಿರಾಕಿಗಳಲ್ಲಿ ಅರ್ಧ ಜನ ಲಾರಿಯವರು. ಟ್ರಾನ್ಸ್‌ಪೋರ್ಟ್ ಆಫೀಸಿನ ಬಿಲ್ಟಿ ಪುಸ್ತಕ, ಲೋಡಿಂಗ್ ಚೀಟಿ, ಬಾಡಿಗೆ ಬಿಲ್ಲು, ಎಲ್ಲ ನಮ್ಮಲ್ಲೇ. ಅಚ್ಚಾಗುವ ತನಕ ಡ್ರೈವರುಗಳು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಅವರ ಹಿಂದೆ ಕಲಿಯಲು ಬಂದ ಹುಡುಗ ನಿಂತಿರುತ್ತಾನೆ. ಎರಡು ಮೂರು ತಿಂಗಳು ಕಂಡ ಹುಡುಗ ಆಮೇಲೆ ಕಾಣುವುದಿಲ್ಲ. ಎಲ್ಲಪ್ಪಾ ಹುಡುಗ ಎಂದರೆ, 'ಬೈದೆ, ಓಡಿಹೋದ' ಎನ್ನುತ್ತಾನೆ ಡ್ರೈವರು. ಅದೇನೋ ದೊಡ್ಡ ಸಾಧನೆ ಎಂಬಂತೆ!

ಓಡಿಹೋದವನು ಎಲ್ಲಿಗೆ ಹೋದ? ಬೆಂಗಳೂರಿಗೆ. ಯಾವುದೋ ಕಟ್ಟಡದ ಗೇಟಿನಲ್ಲಿ ಕಾವಲು ಕಾಯಲು. ಅಲ್ಲಿ ಬೈಯುವವರಿಲ್ಲವೇ? ಇದ್ದಾರೆ. ಆದರೆ ಅಲ್ಲಿ ಬೈಸಿಕೊಂಡರೆ ಕೈಗೆ ಯಾವ ಕಸುಬೂ ಬರುವುದಿಲ್ಲ.

ನಮ್ಮ ಸೀಮೆಯ ಸ್ಥಿತಿ ನೋಡಿ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲ ಮುಗಿಯಿತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು. ಉಳಿದಿರುವುದು ರಸ್ತೆ. ಆಗ ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದೆವು, ಈಗ 48. ಮಲೇಬೆನ್ನೂರು ಕಡೆಯ ಭತ್ತ, ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳ ಲಾರಿ ಹತ್ತಲೇಬೇಕು. ಸರಕು ನಮ್ಮದು, ರಸ್ತೆ ನಮ್ಮೂರ ಪಕ್ಕದ್ದು. ಸೀಟಿನ ಮೇಲೆ ಕೂರುವವರು ಯಾರು? ಕನ್ನಡಿಗರಿಗೆ ಕೆಲಸ ಕೊಡಿ ಎಂದು ಕೂಗುವ ನಾವು, ಸಿಕ್ಕ ಕೆಲಸವನ್ನು ಒಂದು ಬೈಗುಳಕ್ಕೆ ಬಿಟ್ಟು ಬಂದರೆ ಆ ಕೂಗಿಗೆ ಏನು ಬೆಲೆ? (ಅಂದಹಾಗೆ, ವಿಜಯ ಸಂಕೇಶ್ವರರು ಗದುಗಿನ ಪುಸ್ತಕ ಮುದ್ರಣದ ಮನೆತನದಿಂದ ಬಂದವರು. 1976ರಲ್ಲಿ ಒಂದು ಲಾರಿ ಇಟ್ಟುಕೊಂಡು ಹೊರಟರು. ಪ್ರೆಸ್ಸಿನವನಿಗೂ ಲಾರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದು ನನ್ನ ಉತ್ತರ.)

ಈಗ ಬೈಗುಳದ ವಿಷಯಕ್ಕೆ ಬರೋಣ. ಕಲಿಸುವವನು ಯಾಕೆ ಬೈಯುತ್ತಾನೆ? ಆರು ಚಕ್ರದ ಲಾರಿಯ ಒಟ್ಟು ತೂಕ 2018ರ ಬದಲಾವಣೆಯ ನಂತರ 18.5 ಟನ್‌ವರೆಗೆ ಇರಬಹುದು. ತಿರುವಿನಲ್ಲಿ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗೆ ಒತ್ತಿಕೊಂಡು ಬರುತ್ತದೆ. ಅಲ್ಲೊಬ್ಬ ಸೈಕಲ್ಲಿನವನು ಇದ್ದರೆ? ಎಡಗಡೆ ಬಾಗಿಲ ಕೆಳಗೆ ನಿಂತ ಮನುಷ್ಯ ಡ್ರೈವರಿಗೆ ಕಾಣುವುದೇ ಇಲ್ಲ. ಗಾಳಿ ಬ್ರೇಕಿಗೆ ಟ್ಯಾಂಕಿನಲ್ಲಿ ಒತ್ತಡ ತುಂಬುವ ಮೊದಲೇ ಗಾಡಿ ಎಳೆಯಬಾರದು. ಅರಬೈಲು ಘಾಟಿ ಇಳಿಯುವಾಗ ಗೇರ್ ಇಳಿಸದೆ ಬರೀ ಬ್ರೇಕ್ ತುಳಿಯುತ್ತಾ ಹೋದರೆ ಡ್ರಮ್ಮು ಕಾದು ಬ್ರೇಕ್ ಹಿಡಿಯುವುದನ್ನೇ ಬಿಡುತ್ತದೆ. ಇವೆಲ್ಲ ಅವನ ತಲೆಯಲ್ಲಿದೆ, ನಿಮ್ಮ ತಲೆಯಲ್ಲಿ ಇನ್ನೂ ಇಲ್ಲ. ಸ್ಟೇರಿಂಗ್ ನಿಮ್ಮ ಕೈಯಲ್ಲಿದೆ, ಜೀವ ಅವನ ಕೈಯಲ್ಲಿದೆ. ಅವನ ಬಾಯಿಂದ ಬರುವುದು ಅರ್ಧ ಕೋಪ, ಅರ್ಧ ಭಯ.

ನಾನು ಪ್ರೆಸ್ಸಿಗೆ ಸೇರಿದಾಗ ಟ್ರೆಡಲ್ ಮಷಿನ್ ಇತ್ತು. ಅದು ಬಾಯಿ ತೆರೆದು ಮುಚ್ಚುವ ಯಂತ್ರ. ತೆರೆದಾಗ ಹಾಳೆ ಇಡಬೇಕು, ಮುಚ್ಚುವ ಮೊದಲು ಕೈ ತೆಗೆಯಬೇಕು. ನಮ್ಮ ಮಷಿನ್‌ಮನ್ ಮಹಾ ಸಿಡುಕ. 'ಕೈ! ಕೈ!' ಎಂದು ದಿನವೆಲ್ಲ ಅರಚುತ್ತಿದ್ದ. ನನ್ನ ಹತ್ತು ಬೆರಳೂ ಇವತ್ತು ಜಾಗದಲ್ಲಿವೆ. ಆದರೆ ಅದೇ ಮನುಷ್ಯ ಸಂಜೆ ಚಹಾ ತಣ್ಣಗಿದ್ದರೆ ನನ್ನ ಅಪ್ಪ ಅಮ್ಮನನ್ನು ಎಳೆದು ತಂದು ಬೈಯುತ್ತಿದ್ದ. ಮೊದಲನೆಯ ಕೂಗು ಪಾಠ, ಎರಡನೆಯದು ಬರೀ ಕೊಬ್ಬು. ಎರಡನ್ನೂ ಬೇರೆ ಮಾಡಿ ಕೇಳುವ ಕಿವಿ ನಿಮಗೆ ಬೇಕು.

'ಎತ್ತು ಹೊಡಿತಿದೀಯೇನಲೇ, ಕ್ಲಚ್ಚಿನ ಮೇಲಿಂದ ಕಾಲು ತೆಗಿಯಲೇ!' ಎಂದನೆನ್ನಿ. ಎತ್ತನ್ನು ಅಲ್ಲೇ ಬಿಟ್ಟುಬಿಡಿ. ಕಾಲು ತೆಗೆಯಿರಿ. ಸುಮ್ಮನೆ ಕಾಲು ಇಟ್ಟುಕೊಂಡೇ ಓಡಿಸಿದರೆ ಕ್ಲಚ್ ಪ್ಲೇಟ್ ಸವೆಯುತ್ತದೆ. ಅದರ ಖರ್ಚು ಮಾಲೀಕ ಕೇಳುವುದು ಅವನನ್ನೇ. ಅವನು ಹೇಳಿದ್ದನ್ನು ಜೋರಾಗಿ ತಿರುಗಿ ಹೇಳಿ: 'ಕಾಲು ತೆಗೆದೆ ಅಣ್ಣಾ', 'ಮೂರನೇ ಗೇರ್ ಅಣ್ಣಾ'. ಕೇಳಿಸಿತು ಎಂದು ಗೊತ್ತಾದರೆ ಮತ್ತೆ ಅದನ್ನೇ ಅರಚುವುದು ಎಷ್ಟೋ ಕಡಿಮೆಯಾಗುತ್ತದೆ.

ಚಕ್ರ ಉರುಳುತ್ತಿರುವಾಗ ವಾದ ಬೇಡ. ಕಣ್ಣಲ್ಲಿ ನೀರು ಬಂತೋ, ಕೈ ನಡುಗಿತೋ, ಇಂಡಿಕೇಟರ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಆಮೇಲೆ, 'ಅಣ್ಣಾ, ಎರಡು ನಿಮಿಷ' ಎನ್ನಿ. ಅದರಲ್ಲಿ ಅವಮಾನ ಏನಿದೆ? ಕಣ್ಣು ಮಂಜಾಗಿಯೂ ಓಡಿಸುವುದು ಗಂಡಸ್ತನ ಎಂದುಕೊಂಡರೆ ರಸ್ತೆಯ ಮೇಲಿರುವ ಬೇರೆಯವರ ಮನೆ ಹಾಳು.

ಪ್ರಶ್ನೆ ಕೇಳಲು ಹೊತ್ತು ನೋಡಿ. ಟೈರಿಗೆ ಕಲ್ಲು ಕೊಟ್ಟು, ಗಾಡಿ ನಿಲ್ಲಿಸಿ, ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಕೇಳಿ. ಹೊಟ್ಟೆ ತುಂಬಿದ ಡ್ರೈವರಿಗಿಂತ ಒಳ್ಳೆ ಮೇಷ್ಟರಿಲ್ಲ. ಇಡೀ ಘಾಟಿಯನ್ನು ಮೆಣಸಿನಕಾಯಿ ತಟ್ಟೆಯಲ್ಲೇ ಬರೆದು ತೋರಿಸುತ್ತಾನೆ.

ಇನ್ನೊಂದು ಮಾತು, ನಮ್ಮ ನುಡಿಯದು. ಲಾರಿಯಲ್ಲಿ ಅರ್ಧ ಇಂಗ್ಲಿಷು, ಅರ್ಧ ಹಿಂದಿ. 'ಕಟ್ ಮಾಡು' ಎಂದರೆ ಒಬ್ಬನಿಗೆ ಸ್ಟೇರಿಂಗ್ ತಿರುಗಿಸು, ಇನ್ನೊಬ್ಬನಿಗೆ ಮುಂದಿನ ಗಾಡಿ ದಾಟು. ಹುಡುಗ ತಪ್ಪು ತಿಳಿಯುತ್ತಾನೆ, ಬೈಗುಳ ಬೀಳುತ್ತದೆ. ಇದಕ್ಕೆ ಯಾರು ಹೊಣೆ? ಹತ್ತುವ ಮೊದಲೇ ಮಾತು ಗೊತ್ತು ಮಾಡಿಕೊಳ್ಳಿ: 'ಎಡ', 'ಬಲ', 'ನಿಲ್ಲಿಸು', 'ಬಿಡು'. ಗೇರ್, ಕ್ಲಚ್ ಹಾಗೇ ಇರಲಿ, ಅವು ನಮ್ಮವೇ ಆಗಿವೆ. ಆದರೆ ಆಜ್ಞೆ ಮಾತ್ರ ಕಾಲಿಗೆ ತಟ್ಟನೆ ತಿಳಿಯುವ ಭಾಷೆಯಲ್ಲಿ ಇರಬೇಕು. ಎಲ್.ಎಲ್. ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಿರಿ.

ಈಗ ಕೊಬ್ಬಿನ ಬೈಗುಳ. ಜಾತಿ ಹಿಡಿದು ಬೈಯುವುದು, ತಾಯಿ ತಂಗಿಯರನ್ನು ಎಳೆಯುವುದು, ಸ್ಪ್ಯಾನರಿನಿಂದ ಹೊಡೆಯುವುದು. 'ನಾವೂ ಏಟು ತಿಂದೇ ಕಲಿತದ್ದು' ಎನ್ನುತ್ತಾರೆ ಹಳಬರು. ತಿಂದ ಏಟಿನ ಬಾಕಿಯನ್ನು ಹುಡುಗನ ಬೆನ್ನಿನ ಮೇಲೆ ವಸೂಲು ಮಾಡುವುದು ಯಾವ ನ್ಯಾಯ? ಅವರ ಕಷ್ಟ ನನಗೆ ಗೊತ್ತು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎನ್ನುತ್ತಿತ್ತು. ನನ್ನ ಬೆಂಚಿನ ಮೇಲೆ ಕೂತು ಹಾಗೇ ನಿದ್ದೆ ಹೋಗುವ ಡ್ರೈವರುಗಳನ್ನು ಕೇಳಿ, ಎಷ್ಟು ಗಂಟೆ ಎಂದು ಹೇಳುತ್ತಾರೆ. ಎಂಜಿನ್ ಕಾವಿನ ಪಕ್ಕದಲ್ಲೇ ಬದುಕು. ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ ಮಾತ್ರ. ಕಷ್ಟ ಅರ್ಥವಾಗುತ್ತದೆ. ಕೈ ಎತ್ತಲು ಅದು ಲೈಸೆನ್ಸ್ ಅಲ್ಲ. ಅಂಥವನನ್ನು ಬಿಡಿ, ಕಸುಬನ್ನು ಬಿಡಬೇಡಿ. ಅದೇ ವಾರ ಇನ್ನೊಬ್ಬನನ್ನು ಹುಡುಕಿ.

ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕೊಟ್ಟು ಕಲಿಯುವವರು ಕಾನೂನು ತಿಳಿದಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸರಕು ಸಾಗಣೆ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ನಿಮ್ಮ ಕೈಯಲ್ಲೇ ಸ್ಟೇರಿಂಗ್ ಇರುವ ಹೊತ್ತು 15 ಗಂಟೆಗೆ ಕಡಿಮೆ ಇರಬಾರದು. ಕಲಿಸುವವನ ಕಡೆಗೂ ಬ್ರೇಕ್ ಇರುವ ಗಾಡಿಯೇ ಆಗಬೇಕು. ಐದಾರು ಹುಡುಗರನ್ನು ತುಂಬಿಕೊಂಡು ತಲಾ ಹತ್ತು ನಿಮಿಷ ಕೊಟ್ಟರೆ ಅವಸರ ಆಗದೆ ಇನ್ನೇನು? ಆ ಅವಸರವೇ ಬೈಗುಳವಾಗಿ ಬರುತ್ತದೆ. ದಿನಾ ಎಷ್ಟು ಹೊತ್ತು ಓಡಿಸಿದಿರಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಟ್ಟ ದುಡ್ಡಿಗೆ ರಶೀದಿ ಕೇಳಿ. ರಶೀದಿ ಪುಸ್ತಕ ಅಚ್ಚು ಹಾಕುವವನು ನಾನು. ವರ್ಷಕ್ಕೆ ಒಂದೇ ಪುಸ್ತಕದಲ್ಲಿ ಕಾಲ ತಳ್ಳುವ ಸ್ಕೂಲನ್ನೂ ಬಲ್ಲೆ, ಅಲ್ಲಿ ಹುಡುಗರು ಮಾತ್ರ ಸಾಲುಗಟ್ಟಿ ನಿಂತಿರುತ್ತಾರೆ! ನೋಟ್‌ಬುಕ್ಕು, ರಶೀದಿ ಎರಡೂ ಕೈಯಲ್ಲಿದ್ದರೆ ದಾವಣಗೆರೆ ಆರ್‌ಟಿಒ ಕಚೇರಿಗೆ ಕೊಡುವ ದೂರಿಗೆ ತೂಕ ಬರುತ್ತದೆ.

ವಯಸ್ಸಿನ ಮಾತು ಕೇಳಿದಿರಿ ಅಲ್ಲಿ ಹಿಂದೆ ಕೂತವರು. ಸರಕು ವಾಹನಕ್ಕೆ 20 ತುಂಬಿರಬೇಕು. ಹೆವಿ ಲೈಸೆನ್ಸಿನ ಎಲ್.ಎಲ್. ಬೇಕೆಂದರೆ ಲಘು ವಾಹನದ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು. ಎಂಟನೇ ಕ್ಲಾಸು ಪಾಸಾಗಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದರು, ಆ ಚಿಂತೆ ಬೇಡ. ಎಲ್.ಎಲ್. ಇಲ್ಲದೆ ರಾತ್ರಿ ಹೊತ್ತು ಖಾಲಿ ಲಾರಿ ಕೊಟ್ಟು 'ಹೊಡಿ ನೋಡೋಣ' ಎನ್ನುವ ಡ್ರೈವರು ಎಷ್ಟೇ ಪ್ರೀತಿಯವನಾಗಿರಲಿ, ಬೇಡ ಎನ್ನಿ. ಅವನ ಸಿಟ್ಟಿಗಿಂತ ಆ ಪ್ರೀತಿ ಅಪಾಯ.

ಅರ್ಜಿ ತುಂಬಲು ಬಾರದವರು ಭಾನುವಾರ ಬಿಟ್ಟು ಯಾವ ದಿನವಾದರೂ ಪ್ರೆಸ್ಸಿಗೆ ಬನ್ನಿ, ಬೆಂಚು ಖಾಲಿ ಇರುತ್ತದೆ. ಆಧಾರ್ ತನ್ನಿ.