ಲೋಕಲ್ ಗಾಡಿಯ ತಾಸುಗಳೂ ದುಡಿಮೆಯೇ



1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲು ಮರುವರ್ಷ ಕಲ್ಯಾಣದವರೆಗೂ ಬಂತು. ಆ ಹಳಿಯನ್ನು ನೆಚ್ಚಿಕೊಂಡೇ ನಮ್ಮ ಡೊಂಬಿವಲಿ ಬೆಳೆದಿದೆ. ಮುಂಬಯಿಯಲ್ಲಿ ಕೈಗೆಟುಕದ ಮನೆ ಇಲ್ಲಿ ಸಿಕ್ಕಿತೆಂದು ನಾವು ಅನೇಕರು ಇಲ್ಲಿಗೆ ಬಂದೆವು. ಆ ಉಳಿತಾಯದ ಬೆಲೆಯನ್ನು ದಿನವೂ ತಾಸುಗಳಲ್ಲಿ ತೆರುತ್ತಿದ್ದೇವೆ. ಸಿಎಸ್‌ಎಂಟಿ ಇಲ್ಲಿಂದ ಸುಮಾರು 48 ಕಿಲೋಮೀಟರ್. ಫಾಸ್ಟ್ ಲೋಕಲ್ ಹಿಡಿದರೂ ಹೋಗಿಬರಲು 2 ತಾಸಿಗೂ ಮಿಕ್ಕಿ ಬೇಕು. ವಾರಕ್ಕೆ 5 ದಿನವೆಂದರೂ 10 ತಾಸು ಗಾಡಿಯಲ್ಲೇ ಹೋಯಿತು.

ಸಂಜೆಯ ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಸುಲಿಯುವ, ಮೆಂತ್ಯ ಸೊಪ್ಪು ಬಿಡಿಸುವ ಕೈಗಳನ್ನು ನೀವೆಲ್ಲ ನೋಡಿದ್ದೀರಿ. 'ಎಷ್ಟು ಚುರುಕು ನಮ್ಮ ಹೆಂಗಸರು' ಎಂದು ಹೊಗಳುವವರಿದ್ದಾರೆ. ಪಕ್ಕದ ಡಬ್ಬಿಯಲ್ಲಿ ಗಂಡಸರು ಸೊಪ್ಪು ಬಿಡಿಸುವುದನ್ನು ಯಾರಾದರೂ ಕಂಡಿದ್ದೀರಾ? ಇಬ್ಬರೂ ಅದೇ ಗಾಡಿಯಲ್ಲಿ ದಣಿದು ಬರುತ್ತಾರೆ. ಒಬ್ಬರಿಗೆ ಮನೆಯಲ್ಲಿ ಚಹಾ ಕಾದಿರುತ್ತದೆ, ಇನ್ನೊಬ್ಬರಿಗೆ ಒಲೆ ಕಾದಿರುತ್ತದೆ.

ಆದ್ದರಿಂದ ನನ್ನದು ಇಷ್ಟೇ ಕೋರಿಕೆ. ಪ್ರಯಾಣದ ತಾಸುಗಳನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸೋಣ. ಮೊದಲು ಮನೆ ಮುಟ್ಟಿದವರು, ಗಂಡಸಾದರೂ ಸರಿ, ಕುಕ್ಕರ್ ಇಡಲಿ. ಮಗಳಿಗೆ ಕಲಿಸಿದಂತೆ ಮಗನಿಗೂ ಸೊಪ್ಪು ಬಿಡಿಸಲು ಕಲಿಸೋಣ. ಸೊಸೆ ತಡವಾಗಿ ಬಂದ ದಿನ 'ಯಾಕೆ ತಡ' ಎಂದು ಕೇಳುವ ಮೊದಲು ಅತ್ತೆಯಂದಿರು ಒಂದು ಲೋಟ ನೀರು ಕೊಡಲಿ. ಗಾಡಿಯಲ್ಲಿ ಸೀಟು ಸಿಕ್ಕಾಗ ಸುಮ್ಮನೆ ಕಣ್ಣು ಮುಚ್ಚಿ ಕೂರುವ ಹಕ್ಕು ನಮಗೂ ಇರಲಿ.