ಶಾಲೆಯ ಬ್ಯಾಂಡಿಗೆ ಯಾವ ಕೃತಿ?

ಶಾಲೆಯ ಪಠ್ಯದಲ್ಲಿ ಯಾವ ಪದ್ಯ ಸೇರಿತ್ತೋ ಅದೇ ಎಷ್ಟೋ ಜನರ ಪಾಲಿಗೆ ಬಾಳಿನುದ್ದಕ್ಕೂ ಕಾವ್ಯವೆಂಬುದಾಗಿ ಉಳಿದುಬಿಡುತ್ತದೆ. ಕವಿಯ ಹೆಸರು ನೆನಪಿನಲ್ಲಿರುತ್ತದೆ. ಆ ಪದ್ಯವನ್ನು ಆರಿಸಿ ಅಲ್ಲಿಟ್ಟವರು ಯಾರೆಂದು ಕೇಳುವವರಿಲ್ಲ. ಶಾಲೆಯ ವಾದ್ಯವೃಂದವನ್ನು ನಡೆಸುವ ಉಪಾಧ್ಯಾಯನೂ ಇಂಥ ಅಜ್ಞಾತ ಸಂಪಾದಕರಲ್ಲಿ ಒಬ್ಬ. ಅವನ ಕೈಕೋಲಿನ ಚಲನೆಯನ್ನು ಸಭೆ ನೋಡುತ್ತದೆ. ಅದಕ್ಕೆ ತಿಂಗಳುಗಳ ಹಿಂದೆ, ‘ಇದು ಇರಲಿ, ಇದು ಬೇಡ’ ಎಂದು ಅವನು ಮಾಡಿದ ನಿರ್ಣಯವನ್ನು ಯಾರೂ ನೋಡುವುದಿಲ್ಲ. ಮಕ್ಕಳಿಗೆ ಆ ವರ್ಷ ದೊರೆಯುವ ಸಂಗೀತವೆಲ್ಲ ಆ ನಿರ್ಣಯದಲ್ಲೇ ಅಡಗಿರುತ್ತದೆ. ಈ ಹೊತ್ತು ಅದರ ವಿಚಾರವಾಗಿ ನಾಲ್ಕು ಮಾತು.

ಪಾಶ್ಚಾತ್ಯ ದೇಶಗಳಲ್ಲಿ ಊದುವಾದ್ಯಗಳ ಬ್ಯಾಂಡು ಬಹುಮಟ್ಟಿಗೆ ದಂಡಿನ ಜೊತೆಯಲ್ಲಿ ಬೆಳೆದದ್ದು. ಪಿಟೀಲು ಪ್ರಧಾನವಾದ ವೃಂದಕ್ಕೆ ಹೈಡನ್, ಮೊಟ್ಸಾರ್ಟ್, ಬೀಥೋವನ್ ಎಂಬ ಪಿತ್ರಾರ್ಜಿತ ಆಸ್ತಿಯುಂಟು. ಬ್ಯಾಂಡಿಗಾದರೋ ಬಹುಕಾಲ ನಡಿಗೆಯ ಗತ್ತುಗಳೂ, ಬೇರೆ ವೃಂದಗಳಿಂದ ಎರವಲು ತಂದು ಅಳವಡಿಸಿದ ಕೃತಿಗಳೂ ಮಾತ್ರವೇ ಗತಿಯಾಗಿದ್ದವು. ಈ ಬಡತನವನ್ನು ಕಳೆಯಲು ತೊಡಗಿದವರಲ್ಲಿ ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಒಬ್ಬರು. ಅವರು ಬದುಕಿಗಾಗಿ ಟ್ರೊಂಬೋನ್ ಊದಿದವರು. ಲಂಡನ್ನಿನ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ 1905ರಿಂದ ಕಡೆಯವರೆಗೂ ಪಾಠ ಹೇಳಿದವರು. ಬ್ಯಾಂಡಿಗೆಂದೇ 1909ರಲ್ಲಿ ಅವರು ರಚಿಸಿದ ಮೊದಲನೆಯ ಕೃತಿಮಾಲೆಯಲ್ಲಿ ಮೂರು ಭಾಗಗಳು. ಮೊದಲ ಭಾಗ, ಒಂದು ಪಲ್ಲವಿಯನ್ನು ಹಿಡಿದು ನೆರವಲು ಮಾಡಿದಂತೆ, ಎಂಟೇ ಆವರ್ತಗಳ ಒಂದು ಸ್ವರಪಂಕ್ತಿಯ ಮೇಲೆ ನಿಂತಿದೆ. ಉಳಿದೆರಡು ಭಾಗಗಳೂ ಅದರಿಂದಲೇ ಮೊಳೆತವು. ಆ ಪಂಕ್ತಿಯನ್ನು ಮೊಟ್ಟಮೊದಲು ನುಡಿಸುವವರು ಯಾರು? ಮುಂದಿನ ಸಾಲಿನ ಕ್ಲಾರಿನೆಟ್ಟಿನವರಲ್ಲ, ಟ್ರಂಪೆಟ್ಟಿನವರಲ್ಲ. ವರ್ಷವೆಲ್ಲ ಹಿಂದೆ ಕುಳಿತು ಆಧಾರಸ್ವರವನ್ನಷ್ಟೇ ಊದುವ ಯೂಫೋನಿಯಂ ಮತ್ತು ಟ್ಯೂಬಾಗಳು! ಅಲ್ಲಿಂದ ಅದು ಒಂದೊಂದಾಗಿ ಬೇರೆ ವಾದ್ಯಗಳಿಗೆ ಹಬ್ಬುತ್ತದೆ. ಕೃತಿಯ ಘನತೆಗೂ ಅದರ ಔದಾರ್ಯಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆಯ್ಕೆಯ ಕಷ್ಟವೇನೆಂಬುದನ್ನು ಇನ್ನೆರಡು ಕೃತಿಗಳು ಇನ್ನೂ ಚೆನ್ನಾಗಿ ತಿಳಿಸುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನಿಂದ ಬಂದ ಇಬ್ಬರು ಯಹೂದಿ ಸಂಗೀತಕಾರರು ಕ್ಯಾಲಿಫೋರ್ನಿಯದಲ್ಲಿದ್ದರು: 1933ರಲ್ಲಿ ಜರ್ಮನಿಯನ್ನು ತೊರೆದ ಆರ್ನಾಲ್ಡ್ ಶೋನ್‌ಬರ್ಗ್ ಮತ್ತು 1940ರಲ್ಲಿ ಫ್ರಾನ್ಸನ್ನು ಬಿಟ್ಟುಬಂದ ದಾರಿಯೂಸ್ ಮಿಯೋ. ಶಾಲಾ ಬ್ಯಾಂಡುಗಳು ನುಡಿಸಬಹುದಾದುದೊಂದನ್ನು ಬರೆಯಿರೆಂದು ಪ್ರಕಾಶಕರು ಇಬ್ಬರನ್ನೂ ಕೇಳಿಕೊಂಡರು. ಶೋನ್‌ಬರ್ಗ್ 1943ರಲ್ಲಿ ಬರೆದ ‘ಥೀಮ್ ಅಂಡ್ ವೇರಿಯೇಷನ್ಸ್’ ಗಂಭೀರವಾದ ಕೃತಿ. ಆದರೆ ಶಾಲೆಯ ಮಕ್ಕಳ ಶಕ್ತಿಗೆ ಮೀರಿದ್ದು. ಬ್ಯಾಂಡಿಗಿಂತ ಮೊದಲು, 1944ರಲ್ಲಿ, ಅದನ್ನು ಬೇರೊಂದು ರೂಪದಲ್ಲಿ ನುಡಿಸಿದ್ದು ಬಾಸ್ಟನ್ನಿನ ಸಿಂಫನಿ ವೃಂದ. ಮಿಯೋ 1944ರಲ್ಲಿ ಬರೆದ ‘ಸ್ವೀತ್ ಫ್ರಾಂಸೇಸ್’ ಐದು ಭಾಗಗಳದು. ನಾರ್ಮಂಡಿ, ಬ್ರಿಟನಿ, ಈಲ್ ದ ಫ್ರಾನ್ಸ್, ಅಲ್ಸೇಸ್-ಲೊರೇನ್, ಪ್ರೊವಾನ್ಸ್ ಎಂದು ಒಂದೊಂದಕ್ಕೂ ಒಂದೊಂದು ಸೀಮೆಯ ಹೆಸರು. ಅಮೆರಿಕದ ಮಕ್ಕಳ ತಂದೆಯರೂ ಅಣ್ಣಂದಿರೂ ಯಾವ ನೆಲದಲ್ಲಿ ಹೋರಾಡುತ್ತಿದ್ದರೋ ಆ ನೆಲದ ಜನಪದ ಮಟ್ಟುಗಳನ್ನು ಆ ಮಕ್ಕಳು ಕೇಳಲೆಂಬುದು ಅವರ ಆಶಯ. ದೂರದೇಶದಿಂದ ಬರುವ ಕಾಗದಕ್ಕಾಗಿ ಬಾಗಿಲು ಕಾಯುವ ಮನೆಯ ಹುಡುಗನ ಕೈಗೆ ಆ ದೇಶದ ಹಾಡು ಬಂದರೆ ಅದು ಬರಿಯ ಅಭ್ಯಾಸದ ಪಾಠವಾಗಿ ಉಳಿದೀತೇ?

ಇದರಿಂದ ಸುಲಭವಾದದ್ದೇ ಲೇಸೆಂದು ತಿಳಿಯಬಾರದು. ಬೆರಳಿನ ಕಷ್ಟ ಬೇರೆ, ಭಾವದ ಆಳ ಬೇರೆ ಎಂಬುದಷ್ಟೇ ಇಲ್ಲಿಯ ಮಾತು. ಉಪಾಧ್ಯಾಯನ ಮುಂದಿರುವುದು ಲಕ್ಷಣಗ್ರಂಥದ ವಾದ್ಯವೃಂದವಲ್ಲ, ಈ ವರ್ಷ ತರಗತಿಗೆ ಬಂದ ಮಕ್ಕಳು. ಕ್ಲಾರಿನೆಟ್ಟಿನ ಕೆಳಸ್ಥಾಯಿಯಿಂದ ಮೇಲಕ್ಕೆ ದಾಟುವ ಎಡೆಯಲ್ಲಿ ತೆರೆದ ರಂಧ್ರಗಳನ್ನೆಲ್ಲ ಒಮ್ಮೆಗೇ ಮುಚ್ಚಬೇಕು. ಎಳೆಯ ಬೆರಳುಗಳು ಅಲ್ಲಿ ಎಡವುತ್ತವೆ. ಟ್ರಂಪೆಟ್ ಊದುವವರ ತುಟಿ ಬಿಡುವಿಲ್ಲದಿದ್ದರೆ ಸೋತುಹೋಗುತ್ತದೆ; ಕೊನೆಯ ಪುಟದಲ್ಲಿ ತಾರಸ್ವರವಿರುವ ಕೃತಿಯನ್ನು ಆರಿಸುವವರು ಅದಕ್ಕೆ ಮುಂಚೆ ವಿಶ್ರಾಂತಿಯುಂಟೇ ಎಂದು ನೋಡಬೇಕು. ಓಬೋ ನುಡಿಸುವವರು ಎಷ್ಟೋ ಶಾಲೆಗಳಲ್ಲಿ ಇರುವುದೇ ಇಲ್ಲ. ಅದಕ್ಕಾಗಿಯೇ ವಿವೇಕಿಗಳಾದ ರಚನಕಾರರು ಅದರ ಸ್ವರಗಳನ್ನು ಬೇರೊಂದು ವಾದ್ಯದ ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಇವೆಲ್ಲ ಲೆಕ್ಕದ ಮಾತುಗಳಂತೆ ತೋರಬಹುದು. ಆದರೆ ಮೂರನೆಯ ಕ್ಲಾರಿನೆಟ್ ಹಿಡಿದ ಹುಡುಗಿಗೆ ವರ್ಷಪೂರ್ತಿ ಒಂದು ಸೊಗಸಾದ ಸಾಲೂ ದೊರೆಯದಿದ್ದರೆ, ಅವಳು ಸಂಗೀತದ ಮನೆಯಲ್ಲಿದ್ದೂ ಹಸಿದವಳಲ್ಲವೇ?

ಇನ್ನು ಸ್ಪರ್ಧೆಯ ಮಾತು. ಅಮೆರಿಕದಲ್ಲಿ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆ ಮೊದಲು ನಡೆದದ್ದು 1923ರಲ್ಲಿ, ಷಿಕಾಗೋದಲ್ಲಿ. ಅದಕ್ಕೆ ಒತ್ತಾಸೆಯಾಗಿ ನಿಂತವರು ವಾದ್ಯ ತಯಾರಕರು. ಜಪಾನಿನ ಸ್ಪರ್ಧೆಯಲ್ಲಿ ಶಾಲೆಗಳು ಗೊತ್ತುಪಡಿಸಿದ ಒಂದು ಕೃತಿಯನ್ನೂ ತಾವೇ ಆರಿಸಿದ ಮತ್ತೊಂದನ್ನೂ ಹನ್ನೆರಡು ನಿಮಿಷಗಳೊಳಗೆ ನುಡಿಸಿ ಮುಗಿಸಬೇಕು. ಸ್ಪರ್ಧೆಗಳಿಂದ ಒಳ್ಳೆಯ ಕೃತಿಗಳು ಊರೂರಿಗೆ ಹರಡಿದವೆಂಬುದು ನಿಜ. ಆದರೆ ಹನ್ನೆರಡು ನಿಮಿಷದ ಸಂಗೀತವನ್ನೇ ತಿಂಗಳುಗಟ್ಟಲೆ ತಿಕ್ಕಿ ತೀಡಿದ ಮಕ್ಕಳು ಬಹುಮಾನವನ್ನು ಮನೆಗೆ ಒಯ್ದಾರು. ಹೊಸ ಹಾಳೆಯೊಂದನ್ನು ಕಂಡು ಓದಿ ನುಡಿಸುವ ಸಂತೋಷವನ್ನು ಒಯ್ದಾರೆಂಬ ಭರವಸೆಯಿಲ್ಲ. ತಂದೆತಾಯಿಗಳು ಮೆಚ್ಚುವ ಚಿತ್ರಗೀತೆಗೂ ಪಟ್ಟಿಯಲ್ಲಿ ಎಡೆಯಿರಲಿ. ಅದೇ ಪಟ್ಟಿಯಾಗುವುದು ಬೇಡ.

ಕೇಳುವ ಕಿವಿಗೆ ಬ್ಯಾಂಡು ಏನು ಮಾಡಬಲ್ಲುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟುಸ್ವರಗಳನ್ನು ರಚಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು ಕೂಡ ಅವರ ಕೈಯಲ್ಲಿ ದೇವಿಯ ಸ್ತುತಿಯಾಯಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಮರುಳಾದ ನಾಗಸ್ವರದ ಮನೆತನದ ಹುಡುಗನೊಬ್ಬ, ಮುಂದೆ ಆ ಪರದೇಶದ ವಾದ್ಯಕ್ಕೆ ಗಮಕಗಳನ್ನು ಕಲಿಸಿ ಕದ್ರಿ ಗೋಪಾಲನಾಥರಾದದ್ದನ್ನು ಕನ್ನಡಿಗರು ಬಲ್ಲರು. ಆ ದಿನ ಬ್ಯಾಂಡಿನವರು ನುಡಿಸಿದ್ದು ಯಾರಿಗಾಗಿಯೋ, ನಾಟಿದ್ದು ಎಲ್ಲಿಯೋ!

ಆದಕಾರಣ ಆರಿಸುವವನ ಹೊಣೆ ದೊಡ್ಡದು. ಕೃತಿಯನ್ನು ಕೈಗೆತ್ತಿಕೊಂಡಾಗ ಅವನು ತನ್ನನ್ನು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮಕ್ಕಳು ಇದನ್ನು ಚೆನ್ನಾಗಿ ನುಡಿಸಬಲ್ಲರೇ? ನೂರು ಸಲ ನುಡಿಸಿದ ಮೇಲೂ ಇದರಲ್ಲಿ ಏನಾದರೂ ಉಳಿದಿರುತ್ತದೆಯೇ? ಹಿಂದಿನ ಸಾಲಿನವರಿಗೆ ಇದರಲ್ಲಿ ಪಾಲುಂಟೇ? ಶಾಲೆ ಬಿಟ್ಟ ಮೇಲೆ ಬಹಳ ಮಂದಿ ವಾದ್ಯವನ್ನು ಮತ್ತೆ ಮುಟ್ಟುವುದಿಲ್ಲ. ಅವರ ಪಾಲಿಗೆ ಉಳಿಯುವುದು ಆ ಕೆಲವೇ ಕೃತಿಗಳು. ಅವು ಉಳಿಯಲು ಯೋಗ್ಯವಾಗಿರಲಿ.